ಹಗ್ಗದ ಮೇಲಿನ ಜನಸಂಖ್ಯೆ

ಪಟ್ಟಣಗಳ ನಡುಪೇಟೆಯಲ್ಲಿ ಜನವಸತಿ ಇಲ್ಲದಿರುವುದಕ್ಕೆ ಮುಖ್ಯ ಕಾರಣ, ಅಲ್ಲಿ ಜನರು ವಾಸಿಸದೆ ಇರುವುದೇ ಆಗಿದೆಯೆಂದು ತಜ್ಞರ ಸಮಿತಿಯೊಂದು ಬಹಳ ಕಾಲ ಅಧ್ಯಯನ ಮಾಡಿ ಕಂಡುಹಿಡಿಯಿತು. ಹಾವೇರಿ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಒಂದೊಂದಾಗಿ ಬರುತ್ತಿದ್ದವು. ಎಲ್ಲ ಕಚೇರಿಗಳೂ ಬಂದು ಮುಗಿದ ಮೇಲೆ ಬಂದದ್ದು ನಡುಪೇಟೆ ವಸತಿ ಉತ್ತೇಜನ ಮಂಡಳಿ.

ಮಂಡಳಿಯ ಉದ್ದೇಶ ಒಳ್ಳೆಯದೇ ಆಗಿತ್ತು. ಜನರೆಲ್ಲ ಊರ ಹೊರಗಿನ ಹೊಲಗಳನ್ನು ಪ್ಲಾಟು ಮಾಡಿ ಮನೆ ಕಟ್ಟಿಕೊಂಡು ಹೋಗಿಬಿಟ್ಟರೆ, ಅಂಗಡಿ ಮುಚ್ಚಿದ ಮೇಲೆ ಊರ ನಡುವೆ ನಾಯಿಗಳಷ್ಟೇ ಉಳಿಯುತ್ತವೆ. ಕೆಳಗೆ ಅಂಗಡಿ, ಮೇಲೆ ಸಂಸಾರ ಇದ್ದರೆ ಊರಿಗೆ ಜೀವ ಬರುತ್ತದೆ. ಇದನ್ನು ಮೊದಲು ಬ್ಯಾಡಗಿಯ ಹಳೇ ದಲಾಲಿ ಓಣಿಯಲ್ಲಿ ಪ್ರಯೋಗ ಮಾಡಿ ನೋಡುವುದೆಂದು ತೀರ್ಮಾನವಾಯಿತು. ಮಂಡಳಿಯ ಕಚೇರಿಗಾಗಿ ಓಣಿಯ ಬಾಯಲ್ಲೇ ಗಾಳಿ ಬೆಳಕು ಚೆನ್ನಾಗಿರುವ ಮನೆಯೊಂದನ್ನು ಹಿಡಿದರು. ಇಡೀ ಓಣಿಯಲ್ಲಿ ಸಂಸಾರ ಮಾಡಲು ನೆಟ್ಟಗಿದ್ದ ಮನೆ ಅದೊಂದೇ. ಅದರಲ್ಲಿದ್ದ ಮೌಲಾಸಾಬರ ಕುಟುಂಬ ಮಂಡಳಿಗೆ ಜಾಗ ಬಿಟ್ಟುಕೊಟ್ಟು ಊರ ಹೊರಗಿನ ಪ್ಲಾಟಿಗೆ ಹೋಯಿತು. ನಡುಪೇಟೆಯ ವಸತಿಗಾಗಿ ಮೌಲಾಸಾಬರು ಮಾಡಿದ ತ್ಯಾಗವನ್ನು ಕೊಂಡಾಡಿ, ಹಾರ ಹಾಕಿ ಬೀಳ್ಕೊಟ್ಟೆವು. ಹಾರ ತಂದವನು ನಾನು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮಂಡಳಿಯ ಆದೇಶ, ಪ್ರಕಟಣೆಗಳ ಕರಡಿನಲ್ಲಿ ತಪ್ಪು ತಿದ್ದಿಕೊಡುವುದು ನನ್ನ ಕೆಲಸ. ತಪ್ಪು ಎಂದರೆ ಕಾಗುಣಿತದ ತಪ್ಪು. ಉಳಿದ ತಪ್ಪುಗಳು ನನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಮೊದಲ ದಿನವೇ ತಿಳಿಸಿದ್ದರು. ನನ್ನ ಮನೆಯೂ ಊರ ಹೊರಗಿನ ಪ್ಲಾಟಿನಲ್ಲೇ ಇದೆ. ಯೋಜನಾಧಿಕಾರಿ ಶಶಿಕಾಂತ ಹಲಗೇರಿ ಸಾಹೇಬರು ರಾಣೇಬೆನ್ನೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಅವರ ಸಿಪಾಯಿ ಹಾವೇರಿಯಿಂದ ಬರುತ್ತಿದ್ದ. ನಡುಪೇಟೆಯಲ್ಲಿ ವಾಸಿಸುವುದರಿಂದ ಆಗುವ ಲಾಭಗಳ ಬಗ್ಗೆ ನಾವೆಲ್ಲ ಬೆಳಗಿನಿಂದ ವಾಪಸು ಬಸ್ಸಿನ ಹೊತ್ತಿನವರೆಗೆ ಚಿಂತಿಸುತ್ತಿದ್ದೆವು.

ಮೊದಲ ಪ್ರಕಟಣೆ ಹೀಗಿತ್ತು: "ನಡುಪೇಟೆಯಲ್ಲಿ ಅಂಗಡಿಯ ಮೇಲೆ ವಾಸದ ಮನೆ ಕಟ್ಟುವವರಿಗೆ ಸಹಾಯಧನ ನೀಡಲಾಗುವುದು. ಮನೆಯು ವಾಸಕ್ಕೆ ಯೋಗ್ಯವಾಗಿರತಕ್ಕದ್ದು. ಯೋಗ್ಯವಾಗಿದೆಯೆಂದು ಮಾಲೀಕರೇ ಪ್ರಮಾಣೀಕರಿಸತಕ್ಕದ್ದು. ಮಾಲೀಕರ ಪ್ರಾಮಾಣಿಕತೆಯನ್ನು ಮಂಡಳಿಯು ಪ್ರಮಾಣೀಕರಿಸುವುದು."

ಓಣಿಯ ಮುಕ್ಕಾಲು ಪಾಲು ಅಂಗಡಿಗಳು ಕೊಟ್ರೇಶಪ್ಪ ಸಾವಕಾರರವು. ಮೆಣಸಿನಕಾಯಿ ದಲಾಲಿಯಲ್ಲಿ ಹೆಸರಾದ ಮನೆತನ. ಪ್ರಕಟಣೆ ಹೊರಬಿದ್ದದ್ದೇ ತಡ, ಅವರ ಅಂಗಡಿಗಳ ಮೇಲೆ ಮನೆಗಳು ಏಳತೊಡಗಿದವು. ಪಡಸಾಲೆ, ಅಡಿಗೆಮನೆ, ದೇವರ ಮನೆ, ಬಚ್ಚಲು, ಮುಂದೆ ಕಬ್ಬಿಣದ ಸರಳುಗಳ ಕಟಾಂಜನ, ನಕ್ಷೆಯಲ್ಲಿ ಇದ್ದದ್ದೆಲ್ಲ ಇತ್ತು. ಕಟ್ಟಿ ಮುಗಿದ ವಾರವೇ ಮೆಣಸಿನಕಾಯಿ ಸುಗ್ಗಿ ಶುರುವಾಯಿತು. ಮಾಡು ಕಂಡಲ್ಲಿ ಚೀಲ ಒಟ್ಟುವುದು ಬ್ಯಾಡಗಿಯವರಿಗೆ ರಕ್ತದಲ್ಲಿ ಬಂದದ್ದು. ಪಡಸಾಲೆಯಲ್ಲಿ ಡಬ್ಬಿ, ಅಡಿಗೆಮನೆಯಲ್ಲಿ ಕಡ್ಡಿ, ಹೀಗೆ ಒಂದೊಂದು ತಳಿಗೆ ಒಂದೊಂದು ಕೋಣೆ ಸಿಕ್ಕಿತು. ದೇವರ ಮನೆಯಲ್ಲಿ ಬೀಜಕ್ಕೆಂದು ತೆಗೆದಿಟ್ಟದ್ದನ್ನು ಇಟ್ಟರು.

"ಸಾವಕಾರ್ರ, ಮನ್ಯಾಗ ಮಂದಿ ಇರಬೇಕಲ್ರಿ?" ಎಂದು ನಾನು ಕೇಳಿದೆ.

"ಇರಬೇಕು ಮಾಸ್ತರ. ಮಂದಿ ಬಂದ ಕೂಡ್ಲೇ ಮಾಲು ತಗಸ್ತೀನಿ. ಮಂದಿ ಬರೂತನಕ ಖಾಲಿ ಬಿಟ್ರ ಇಲಿ ಸೇರ್ತಾವು. ಮಂಡಳಿ ರೊಕ್ಕದಾಗ ಕಟ್ಟಿದ ಮನ್ಯಾಗ ಇಲಿ ಇದ್ರ ಸರಕಾರಕ್ಕ ಅವಮಾನ ಆಗೂದಿಲ್ಲೇನ್ರಿ?"

ಸರಕಾರದ ಮಾನದ ಬಗ್ಗೆ ಸಾವಕಾರರಿಗೆ ಇಷ್ಟು ಕಾಳಜಿ ಇದ್ದದ್ದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಓಣಿಯ ಕೊನೆಗೆ ಒಂದು ಹಂಚಿನ ಮನೆ ಇತ್ತು. ಅದರಲ್ಲಿ ಮಡಿವಾಳರ ನೀಲಗಂಗವ್ವ ಮತ್ತು ಆಕೆಯ ಗಂಡ ನಾಗಪ್ಪ ಇದ್ದರು. ಮನೆ ಸಾವಕಾರರದು. ತಮ್ಮ ಮನೆತನದ ಬಟ್ಟೆ ಒಗೆಯಲೆಂದು ಸಾವಕಾರರ ಅಜ್ಜ ನಾಗಪ್ಪನ ಅಜ್ಜನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಮೌಲಾಸಾಬರು ಹೋದ ಮೇಲೆ ಆ ಓಣಿಯಲ್ಲಿ ಒಲೆ ಹಚ್ಚಿ, ಉಂಡು, ಅಲ್ಲೇ ಮಲಗುವ ಜೀವಗಳೆಂದರೆ ಇವರಿಬ್ಬರೇ. ನಾಗಪ್ಪ ಮನೆಯ ಮುಂದೆ ಇಸ್ತ್ರಿ ಮಾಡುತ್ತಿದ್ದ, ಮಾತಾಡುತ್ತಿದ್ದದ್ದು ಕಡಿಮೆ. ನೀಲಗಂಗವ್ವ ಅರ್ಧ ಊರಿನ ಬಟ್ಟೆಯನ್ನು ಕೆರೆಯಲ್ಲಿ ಒಗೆದು ತಂದು ಓಣಿಯಲ್ಲಿ ಒಣಹಾಕುತ್ತಿದ್ದಳು. ಓಣಿಯ ಮೆಣಸಿನಕಾಯಿ ಘಾಟಿನ ಗಾಳಿಗೆ ಒಣಗಿದ ಅಂಗಿ ತೊಟ್ಟರೆ ಕುತ್ತಿಗೆ ತುಸು ಚುರುಗುಟ್ಟುತ್ತದೆ. ನಮಗೆ ಅದು ರೂಢಿ. ಚುರುಗುಟ್ಟದಿದ್ದರೆ ಸರಿಯಾಗಿ ಒಗೆದಿಲ್ಲವೆಂದು ವಾಪಸು ಕಳಿಸುವವರೂ ಇದ್ದಾರೆ.

ಹೊಸ ಮನೆಗಳ ಕಟಾಂಜನಗಳು ಹಗ್ಗ ಕಟ್ಟಲು ಬಹಳ ಅನುಕೂಲವಾದವು. ಆ ಕಡೆಯ ಮನೆಯಿಂದ ಈ ಕಡೆಯ ಮನೆಗೆ ನೀಲಗಂಗವ್ವ ಓಣಿಯುದ್ದಕ್ಕೂ ಹಗ್ಗ ಎಳೆದಳು. ಸಾವಕಾರರು ಬೇಡವೆನ್ನಲಿಲ್ಲ. ಸೀರೆಗಳ ಹಿಂದೆ ಚೀಲಗಳು ಕಾಣುತ್ತಿರಲಿಲ್ಲ.

ಸುಗ್ಗಿಯ ನಡುವೆ ಒಂದು ದಿನ ಹಲಗೇರಿ ಸಾಹೇಬರು ಪರಿಶೀಲನೆಗೆ ಹೊರಟರು. ಕಚೇರಿಯ ಕಿಟಕಿಗಳನ್ನು ಅವರು ಯಾವಾಗಲೂ ಮುಚ್ಚಿಸಿಯೇ ಇಡುತ್ತಿದ್ದದ್ದರಿಂದ ಓಣಿಯ ಒಳಗಿನ ಘಾಟಿನ ಅಂದಾಜು ಅವರಿಗಿರಲಿಲ್ಲ. ನಾಲ್ಕು ಹೆಜ್ಜೆ ಒಳಗೆ ಹೋದವರು ಸೀನಿದರು. ಮತ್ತೆ ಸೀನಿದರು. ಮೂರನೆಯ ಸೀನಿಗೆ ಕನ್ನಡಕ ಬಿತ್ತು. ಸಾಹೇಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಓಣಿಯ ಬಾಯಿಗೆ ಹಿಂದಿರುಗಿ, ಕಣ್ಣೊರೆಸಿಕೊಂಡು, ತಲೆಯೆತ್ತಿ ನೋಡಿದರು. ಓಣಿಯುದ್ದಕ್ಕೂ ಅಂಗಿ, ಸೀರೆ, ಶಾಲೆಯ ಮಕ್ಕಳ ಬಟ್ಟೆ, ಕೂಸಿನ ಕುಲಾವಿ ಗಾಳಿಗೆ ಹಾರಾಡುತ್ತಿದ್ದವು.

"ಅಬ್ಬಾ ಮಾಸ್ತರ!" ಎಂದರು. "ಎಷ್ಟ ಸಂಸಾರ ಬಂದಾವ್ರೀ! ಕೂಸು ಸೈತ ಐತಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಸಾವಕಾರರು ಮುಂದೆ ಬಂದರು. "ನಾ ಏನೂ ಹೇಳೂದಿಲ್ರಿ ಸಾಹೇಬ್ರ. ನಿಮ್ಮ ಕಣ್ಣೀಲೆ ನೀವ ನೋಡಾಕತ್ತೀರಿ."

ಅವರು ಏನೂ ಹೇಳದಿದ್ದದ್ದು ನಿಜ. ಆಮೇಲೆ ಯಾರೇ ಕೇಳಿದರೂ ಈ ಮಾತಿಗೆ ನಾನೇ ಸಾಕ್ಷಿ ಹೇಳಿದ್ದೇನೆ.

ಸಾಹೇಬರು ಕೆಟ್ಟವರಲ್ಲ. ಜನ ನಡುಪೇಟೆಗೆ ಬರಬೇಕೆಂಬ ಆಸೆ ಅವರಿಗೆ ಮನಸ್ಸಿನಾಳದಿಂದ ಇತ್ತು. ಅಷ್ಟು ಆಸೆಯಿಂದ ಕಾಯುತ್ತಿದ್ದವರ ಮುಂದೆ ಅಷ್ಟೊಂದು ಬಟ್ಟೆ ಹಾರಾಡಿದರೆ ಯಾರು ತಾನೆ ನಂಬುವುದಿಲ್ಲ? ಮರುದಿನವೇ ಒಂದು ದುರ್ಬೀನು ತರಿಸಿದರು. ಅಧಿಕಾರಿಗಳ ಮೂಗಿನ ಆರೋಗ್ಯವನ್ನು ಗಮನದಲ್ಲಿಟ್ಟುಕೊಂಡು ಇನ್ನು ಮೇಲೆ ಪರಿಶೀಲನೆಯನ್ನು ಓಣಿಯ ಬಾಯಿಂದಲೇ ನಡೆಸುವುದೆಂದು ಆದೇಶವಾಯಿತು. ಅದರ ನಿಯಮಗಳನ್ನು ತಿದ್ದಲು ನನ್ನ ಕೈಗೆ ಕೊಟ್ಟರು:

"ತೋಳುಳ್ಳ ಪ್ರತಿಯೊಂದು ವಸ್ತ್ರವನ್ನು ಒಬ್ಬ ನಿವಾಸಿಯೆಂದು ಎಣಿಸತಕ್ಕದ್ದು. ಸೀರೆಯನ್ನು ಒಬ್ಬ ಮಹಿಳೆಯೆಂದು ಭಾವಿಸತಕ್ಕದ್ದು. ಕುಪ್ಪಸವನ್ನು ಸೀರೆಯೊಡನೆ ಸೇರಿಸಿ ಓದಿಕೊಳ್ಳತಕ್ಕದ್ದು. ಚಡ್ಡಿ, ಟವೆಲುಗಳಿಗೆ ಪ್ರತ್ಯೇಕ ನಿವಾಸಿಯ ಸ್ಥಾನಮಾನವಿರುವುದಿಲ್ಲ. ಜಮಖಾನೆ ಕಂಡುಬಂದಲ್ಲಿ ಆ ಮನೆಗೆ ಬೀಗರು ಬಂದಿದ್ದಾರೆಂದು ತಿಳಿಯತಕ್ಕದ್ದು."

"ಧೋತರಕ್ಕ ತೋಳಿಲ್ಲಲ್ರಿ ಸಾಹೇಬ್ರ?" ಎಂದೆ.

ಸಾಹೇಬರು ಯೋಚಿಸಿ, "ಖರೇ ಐತಿ. ಧೋತರಾ ಹಿರಿಯ ನಾಗರಿಕರು ಅಂತ ಸೇರಸ್ರಿ," ಎಂದರು.

ಹೀಗೆ ಹಳೇ ದಲಾಲಿ ಓಣಿಯಲ್ಲಿ ಜನಸಂಖ್ಯೆ ಏರತೊಡಗಿತು. ಮದುವೆ ತಿಂಗಳಲ್ಲಿ ಜಾಸ್ತಿ, ಮಳೆ ಹನಿಸಿದ ದಿನ ಕಡಿಮೆ. ಈ ಏರಿಳಿತದ ಕಾರಣವನ್ನು ಅಭ್ಯಾಸ ಮಾಡಲು ಒಂದು ಉಪಸಮಿತಿಯನ್ನು ನೇಮಿಸಿದರು. ಜನರು ಮಳೆಗೆ ಹೆದರಿ ತವರಿಗೆ ಹೋಗುತ್ತಾರೆಂದು ಅದು ವರದಿ ಕೊಟ್ಟಿತು.

ಇಷ್ಟೆಲ್ಲ ಆಗುವಾಗ ಒಂದು ಕಟ್ಟಡ ಮಾತ್ರ ಸಾಹೇಬರ ಕಣ್ಣಿಗೆ ಚುಚ್ಚುತ್ತಿತ್ತು. ಓಣಿಯ ಕೊನೆಯ ಹಂಚಿನ ಮನೆಯ ಮುಂದೆ ಹಗ್ಗವೂ ಇಲ್ಲ, ಬಟ್ಟೆಯೂ ಇಲ್ಲ. ಅಲ್ಲಿ ನಾಗಪ್ಪನ ಇಸ್ತ್ರಿ ಮೇಜು, ಇದ್ದಿಲು ಇದ್ದವು. ಮಸಿ ಹತ್ತುತ್ತದೆಂದು ನೀಲಗಂಗವ್ವ ಅಲ್ಲಿ ಏನನ್ನೂ ಒಣಹಾಕುತ್ತಿರಲಿಲ್ಲ. ತನ್ನ ಮತ್ತು ಗಂಡನ ಬಟ್ಟೆಯನ್ನು ಕೆರೆಯ ಬಂಡೆಯ ಮೇಲೇ ಒಣಗಿಸಿಕೊಂಡು ಬರುತ್ತಿದ್ದಳು. ದುರ್ಬೀನಿನಲ್ಲಿ ಎಷ್ಟು ನೋಡಿದರೂ ಆ ಮನೆಯಲ್ಲಿ ಒಂದು ತೋಳೂ ಕಾಣಲಿಲ್ಲ. ಇತ್ತ ಸಾವಕಾರರೂ, ಆ ಹಳೆಯ ಮನೆ ಕೆಡವಿದರೆ ಇನ್ನೊಂದು ಅಂಗಡಿ, ಮೇಲೊಂದು ವಾಸದ ಮನೆ ಕಟ್ಟುವುದಾಗಿ ಅರ್ಜಿ ಹಾಕಿದರು. ನೀಲಗಂಗವ್ವನ ಬಾಗಿಲಿಗೆ ನೋಟೀಸು ಅಂಟಿಸಲಾಯಿತು:

"ಸದರಿ ಕಟ್ಟಡದಲ್ಲಿ ಯಾರೂ ವಾಸವಿಲ್ಲವೆಂದು ಪರಿಶೀಲನೆಯಿಂದ ದೃಢಪಟ್ಟಿರುವುದರಿಂದ, ಅಲ್ಲಿ ವಾಸವಿರುವವರು ಕೂಡಲೇ ಕಟ್ಟಡವನ್ನು ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ವಾಸವಿಲ್ಲದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು."

ಈ ಕರಡು ನೋಡಿದಾಗ ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಅಲ್ಪಪ್ರಾಣ ಮಹಾಪ್ರಾಣಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ತಿದ್ದುತ್ತೇನೆ. ಅಂದು ಹಾಗೆಯೇ ತಿದ್ದಿದೆ.

ನೀಲಗಂಗವ್ವ ಕಚೇರಿಗೆ ಬಂದಳು. ಕೈ ಒದ್ದೆಯಾಗಿಯೇ ಇತ್ತು.

"ಸಾಹೇಬ್ರ, ಮನ್ಯಾಗ ಯಾರೂ ಇಲ್ಲ ಅಂತ ಬರದೀರಂತ. ನಾ ಅದೇನಲ್ರಿ?"

"ನೀ ಅದೀ ಅಂತ ನನಗ ಕಾಣಾಕತ್ತೈತಿ ನೀಲಗಂಗವ್ವ," ಎಂದು ಸಾಹೇಬರು ಸಮಾಧಾನದಿಂದ ಹೇಳಿದರು. "ಆದ್ರ ಈಗ ನೀ ಕಚೇರ್ಯಾಗ ನಿಂತೀದಿ. ಮನ್ಯಾಗ ಇದ್ದಿದ್ರ ಹಗ್ಗದ ಮ್ಯಾಲೆ ಕಾಣ್ತಿದ್ದಿ."

"ಹಗ್ಗದ ಮ್ಯಾಲಿನ ಬಟ್ಟಿ ಎಲ್ಲಾ ಊರಾಗಿನ ಮಂದೀದ್ರಿ. ಆ ನೀಲಿ ಅಂಗಿ ಇಲ್ಲೇ ಕುಂತಾರಲ್ಲ, ಈ ಮಾಸ್ತರದು."

ಸಾಹೇಬರು ನನ್ನ ಕಡೆ ಹೊರಳಿ, "ಮಾಸ್ತರ! ನೀವೂ ಓಣಿಗೆ ಬಂದೀರಿ? ಒಂದ ಮಾತು ಹೇಳ್ಲಿಲ್ಲಲ್ರಿ!" ಎಂದು ನನ್ನ ಕೈ ಹಿಡಿದು ಕುಲುಕಿದರು.

ನೀಲಗಂಗವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮದುವಿ ಆಗಿ ಬಂದಾಗಿಂದ ಅದ ಮನ್ಯಾಗ ಅದೇನಿ. ಎರಡು ಹೆಣ್ಣಮಕ್ಕಳ ಬಾಣಂತನ ಅಲ್ಲೇ ಆತು. ಈಗ ಎಲ್ಲಿ ಹೋಗಬೇಕ್ರಿ ನಾವು?"

"ನಡುಪ್ಯಾಟ್ಯಾಗ ವಾಸಕ್ಕ ಮಂಡಳಿ ಭಾಳ ಸವಲತ್ತು ಕೊಡ್ತೈತಿ. ಅಂಗಡಿ ಮ್ಯಾಲ ಒಂದು ಮನಿ ಕಟ್ಟು," ಎಂದರು ಸಾಹೇಬರು. ಅವರು ಕುಹಕವಾಡಲಿಲ್ಲ. ನಿಯಮ ಹಾಗೇ ಇತ್ತು.

ಮಾರನೆಯ ದಿನ ನೀಲಗಂಗವ್ವ ಮನೆಮನೆಗೆ ಹೋಗಿ ಯಾರ ಬಟ್ಟೆ ಯಾರದೆಂದು ನೋಡಿ ಮಡಚಿ ಕೊಟ್ಟಳು. ಹಗ್ಗಗಳನ್ನು ಬಿಚ್ಚಿ ಸುತ್ತಿಕೊಂಡಳು. ಟಂಟಂ ಗಾಡಿಯಲ್ಲಿ ಇಸ್ತ್ರಿ ಮೇಜು, ಪಾತ್ರೆ, ಹಾಸಿಗೆ ಹೇರಿಕೊಂಡು ಗಂಡ ಹೆಂಡತಿ ಕರ್ಜಗಿಯ ತಂಗಿಯ ಮನೆಗೆ ಹೊರಟರು. ಗಾಡಿ ಓಣಿ ದಾಟುವಾಗ ನಾಗಪ್ಪ ಹಿಂದಿರುಗಿ ನೋಡಿದ. ನೀಲಗಂಗವ್ವ ನೋಡಲಿಲ್ಲ. ನನಗೆ ಬಹಳ ಕೆಡುಕೆನಿಸಿತು.

ಅಂದು ಮಧ್ಯಾಹ್ನ ದುರ್ಬೀನು ಹಿಡಿದ ಸಾಹೇಬರು ಅದನ್ನು ಒರೆಸಿ ಒರೆಸಿ ನೋಡಿದರು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಟಾಂಜನಗಳ ಹಿಂದೆ ಕೆಂಪಗೆ ಚೀಲಗಳು ಮಾತ್ರ ಕಾಣುತ್ತಿದ್ದವು.

"ಹೋದ್ರು!" ಎಂದು ಸಾಹೇಬರು ಕುರ್ಚಿಯಲ್ಲಿ ಕುಸಿದರು. "ಕೂಸು ಸೈತ ಬಿಡದಂಗ ಎಲ್ಲಾರೂ ಹೋಗ್ಯಾರ ಮಾಸ್ತರ. ನಾವು ಏನ ಕಡಿಮಿ ಮಾಡಿದ್ವಿ ಅವರಿಗೆ?"

ಮಂಡಳಿಯು ತುರ್ತು ಪ್ರಕಟಣೆ ಹೊರಡಿಸಿತು: "ಹಳೇ ದಲಾಲಿ ಓಣಿಯ ನಿವಾಸಿಗಳು ಎಲ್ಲೇ ಇದ್ದರೂ ಕೂಡಲೇ ತಮ್ಮ ಮನೆಗಳಿಗೆ ಹಿಂದಿರುಗತಕ್ಕದ್ದು. ಅವರ ದೂರುಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು." ಇದನ್ನು ಧ್ವನಿವರ್ಧಕ ಕಟ್ಟಿದ ಆಟೋದಲ್ಲಿ ಊರೆಲ್ಲ ಸಾರಿದರು. ಊರವರು ಮನೆಯ ಕಟ್ಟೆಯ ಮೇಲೆ ಕೂತು, ಅಯ್ಯೋ ಪಾಪ ಯಾರೋ ಏನೋ ಎಂದುಕೊಂಡು ಕೇಳಿದರು.

ಪೇಚಾಟಕ್ಕೆ ಇನ್ನೊಂದು ಕಾರಣವಿತ್ತು. ಓಣಿಯ ಜನಸಂಖ್ಯೆಯ ಏರಿಕೆ ಮೇಲಿನವರ ಕಿವಿಗೆ ಬಿದ್ದು, ಮಾದರಿ ನಡುಪೇಟೆಯ ಪ್ರಶಸ್ತಿ ಕೊಡಲು ತಂಡವೊಂದು ಬರುವುದೆಂದು ಗೊತ್ತಾಗಿತ್ತು. ಸಾವಕಾರರು ತಮ್ಮಿಂದಾದ ಪ್ರಯತ್ನ ಮಾಡಿದರು. ಬೇರೆ ಹಗ್ಗ ಕಟ್ಟಿಸಿ ಖಾಲಿ ಚೀಲಗಳನ್ನು ಹಾಕಿಸಿ ನೋಡಿದರು. ಚೀಲಗಳಿಗೆ ತೋಳಿಲ್ಲದ ಕಾರಣ ನಿಯಮ ಒಪ್ಪಲಿಲ್ಲ. ಚೀಲಗಳಿಗೆ ತೋಳು ಹೊಲಿಸಲೇ ಎಂದು ಕೇಳಿದರು. ಸಾಹೇಬರು ಅದು ಮೋಸವಾಗುತ್ತದೆಂದು ಬೇಡವೆಂದರು. ಸಾವಕಾರರ ಮನೆಯ ಬಟ್ಟೆಯನ್ನಾದರೂ ಹಾಕಿಸಿ ಎಂದರೆ, ತನ್ನ ಸೀರೆ ಬಜಾರದಲ್ಲಿ ಸಂಸಾರ ಮಾಡುವುದಿಲ್ಲವೆಂದು ಸಾವಕಾರರ ಹೆಂಡತಿ ಖಡಾಖಂಡಿತವಾಗಿ ಹೇಳಿದರು.

ಕೊನೆಗೆ ನಾನು ಬಾಯಿ ಬಿಟ್ಟೆ. "ಸಾಹೇಬ್ರ, ಓಣಿ ಮಂದಿನ್ನ ವಾಪಸು ತರೂ ಶಕ್ತಿ ಇರೂದು ನೀಲಗಂಗವ್ವಗ ಒಬ್ಬಾಕಿಗೆ."

"ಆಕಿ ಮಾತು ಅಷ್ಟು ನಡೀತೈತೇನು ಮಂದ್ಯಾಗ?" ಎಂದು ಸಾಹೇಬರು ಬೆರಗಾದರು. ಕೂಡಲೇ ಜೀಪು ತರಿಸಿದರು.

ಕರ್ಜಗಿಯಲ್ಲಿ ನೀಲಗಂಗವ್ವ ತಂಗಿಯ ಮನೆಯ ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತ ಕೂತಿದ್ದಳು. ಜೀಪು ಕಂಡು ಎದ್ದು ಕಂಬಳಿ ಹಾಸಿದಳು. "ಬರ್ರಿ, ಕುಂದ್ರಿ," ಎಂದು ಚಹಾ ಮಾಡಿಸಿದಳು. ನಮ್ಮ ಜೊತೆ ಜೀಪು ಹತ್ತಿ ಬಂದಿದ್ದ ಸಾವಕಾರರೂ ಕಂಬಳಿಯ ಒಂದು ಅಂಚಿಗೆ ಕೂತರು.

ಸಾಹೇಬರು ವಿಷಯ ಹೇಳಿದರು. ನೀಲಗಂಗವ್ವ ಮೊರ ಕೆಳಗಿಟ್ಟಳು.

"ಬರ್ತೀನ್ರಿ. ಬಟ್ಟಿ ಒಗಿಯೂದು ನನ್ನ ಕೆಲಸ. ನನ್ನ ಮನಿ ನನಗ ಕೊಡ್ರಿ ಮತ್ತ."

"ಅದ ತೊಂದ್ರಿ ಐತಿ," ಎಂದು ಸಾಹೇಬರು ಹಣೆ ಒತ್ತಿಕೊಂಡರು. "ಆ ಮನ್ಯಾಗ ಯಾರೂ ವಾಸ ಇಲ್ಲ ಅಂತ ಮ್ಯಾಲಿನವರಿಗೆ ಬರದೇನಿ. ಈಗ ನೀ ಇದ್ರ ನಾ ಸುಳ್ಳ ಬರದಂಗ ಆಗ್ತೈತಿ."

"ರಾತ್ರಿ ಒಳಗ ಮಲಗಾಕ ಬಿಡ್ತೀರಿಲ್ಲೋ?"

"ಮಲಗಬಹುದು."

"ಅಡಿಗಿ?"

"ಮಾಡಬಹುದು. ಉಣ್ಣಬಹುದು. ಜಡ್ಡು ಆದ್ರ ನರಳಬಹುದು. ಆದ್ರ ವಾಸ ಮಾಡೂ ಹಂಗಿಲ್ಲ."

ನೀಲಗಂಗವ್ವ ನಾಗಪ್ಪನ ಮುಖ ನೋಡಿದಳು. ನಾಗಪ್ಪ ಅಪರೂಪಕ್ಕೆ ಮಾತಾಡಿದ. "ಇಷ್ಟು ವರ್ಷ ನಾವೂ ಅಷ್ಟ ಮಾಡಿದ್ದು. ಅದಕ್ಕ ವಾಸ ಅಂತಾರಂತ ಯಾರಿಗೆ ಗೊತ್ತಿತ್ತು? ನಡಿ."

ಹಾಗೆ ಅವರು ತಮ್ಮ ಮನೆಗೆ ವಾ‌ಪಸು ಬಂದರು. "ಸದರಿ ಇಬ್ಬರು ವಾಸವಿಲ್ಲದೆ ಇರುವುದಕ್ಕೆ ಮಂಡಳಿಯ ಅಭ್ಯಂತರವಿಲ್ಲ" ಎಂಬ ಆದೇಶವನ್ನು ನಾನೇ ತಿದ್ದಿಕೊಟ್ಟೆ. ಎರಡೇ ದಿನದಲ್ಲಿ ಓಣಿಯ ಜನರೆಲ್ಲ ಹಗ್ಗದ ಮೇಲೆ ಮರಳಿ ನೆಲೆಸಿದರು. ಸಾಹೇಬರು ಕೂಸಿನ ಕುಲಾವಿ ಕಂಡು ಪೇಢೆ ತರಿಸಿ ಹಂಚಿದರು.

ಪ್ರಶಸ್ತಿ ತಂಡ ಬಂತು. ತಂಡದ ಮುಖ್ಯಸ್ಥರಾದ ಅಮ್ಮನವರು ದುರ್ಬೀನಿನಲ್ಲಿ ಓಣಿಯನ್ನು ನೋಡಿ, "ಎಷ್ಟು ಶುಭ್ರವಾದ ಜನ! ಇಷ್ಟು ಜನ ಇದ್ದೂ ಒಂದು ಜಗಳದ ಸದ್ದಿಲ್ಲ," ಎಂದು ಮೆಚ್ಚಿದರು. ಅಷ್ಟರಲ್ಲಿ ಗಾಳಿ ಈ ಕಡೆ ತಿರುಗಿ ಅವರ ಕಣ್ಣಲ್ಲಿ ನೀರು ಬಂತು. ಅಮ್ಮನವರು ಭಾವುಕರಾದರೆಂದು ಪತ್ರಿಕೆಯವರು ಬರೆದುಕೊಂಡರು. ಸಮಾರಂಭದಲ್ಲಿ ಕೊಟ್ರೇಶಪ್ಪ ಸಾವಕಾರರಿಗೂ ಭಾವ ಉಕ್ಕಿತು. ಎದ್ದು ನಿಂತು, ಓಣಿಯ ಕೊನೆಯ ಖಾಲಿ ಮನೆಯನ್ನು ಮುಂದೆ ಬರುವ ಯಾರಾದರೂ ಹೊಸ ನಿವಾಸಿಗೆ ಕೊಡಲೆಂದು ಮಂಡಳಿಗೆ ದಾನ ಮಾಡಿದ್ದೇನೆಂದು ಘೋಷಿಸಿಬಿಟ್ಟರು. ಹೊಸ ನಿವಾಸಿ ಯಾವ ಕಾಲಕ್ಕೂ ಬರುವುದಿಲ್ಲವೆಂದು ಅವರಿಗೆ ಖಾತ್ರಿ ಇತ್ತು. ದಾನಿಗಳ ಹೆಸರಿನ ಕಲ್ಲು ಮರುದಿನವೇ ನೀಲಗಂಗವ್ವನ ಗೋಡೆಗೆ ಕೂತಿತು.

ಪ್ರಶಸ್ತಿಯ ಜೊತೆಗೆ ಓಣಿಯ ನಿವಾಸಿಗಳಿಗೆ ಮನೆಪಟ್ಟಿಯ ತೆರಿಗೆಯಲ್ಲಿ ರಿಯಾಯಿತಿಯೂ ಬಂತು. ಅದಾದ ಮೇಲೆ ಊರ ಹೊರಗಿನ ಪ್ಲಾಟುಗಳವರು ಮನೆಗೊಂದು ಅಂಗಿಯನ್ನು ಓಣಿಯಲ್ಲೇ ಕಾಯಂ ಇಡತೊಡಗಿದರು. ಮೌಲಾಸಾಬರೂ ಒಂದು ಜುಬ್ಬಾ ಕಳಿಸಿ ಹಳೆಯ ಓಣಿಗೆ ಮರಳಿ ಬಂದರು. ನಾನು ನೀಲಿ ಅಂಗಿಯನ್ನು ಅಲ್ಲೇ ಬಿಟ್ಟೆ. ಅಂಗಿ ನಡುಪೇಟೆಯಲ್ಲಿ ಸುಖವಾಗಿದೆ.

ನಿವಾಸಿಗಳಿಗೆಂದು ಮಂಡಳಿಯು ಮೇಲಿನ ಮನೆಗಳಿಗೆಲ್ಲ ನಳ ಹಾಕಿಸಿತು. ನೀರು ತಾಗಿದರೆ ಮೆಣಸಿನಕಾಯಿಗೆ ಬೂಸು ಹಿಡಿಯುತ್ತದೆಂದು ಸಾವಕಾರರು ಅವುಗಳ ಬಾಯಿಗೆ ಬೂಚು ಜಡಿಸಿದರು. ಹಂಚಿನ ಮನೆಯಲ್ಲಿ ಯಾರೂ ವಾಸವಿಲ್ಲದ ಕಾರಣ ಅಲ್ಲಿಗೆ ನಳ ಬರಲಿಲ್ಲ. ನೀಲಗಂಗವ್ವ ಮುಂದಿನ ಓಣಿಯಿಂದ ಕೊಡ ಹೊತ್ತು ತರುತ್ತಿದ್ದಳು.

ಮರುವರ್ಷ ಸಾವಕಾರರ ಮಗಳ ಮದುವೆ ಆಯಿತು. ಸಾವಕಾರರ ಹೆಂಡತಿ ನೀಲಗಂಗವ್ವನಿಗೆ ಹಸಿರು ಇಳಕಲ್ ಸೀರೆಯೊಂದನ್ನು ಆಯೇರಿಯೆಂದು ಉಡುಗೊರೆ ಕೊಟ್ಟರು. ಕೆಂಪು ಸೆರಗು, ಒಳ್ಳೆಯ ಅಂಚು. ಅಂಥ ಸೀರೆಗಳು ಅವಳ ಕೈಯಿಂದ ಎಷ್ಟೋ ಹಾದುಹೋಗಿದ್ದವು, ಅವಳದೆಂದು ಬಂದದ್ದು ಇದೇ ಮೊದಲು. ತಂಗಿಯ ಮಗನ ಮದುವೆಗೆ ಉಡಬೇಕೆಂದು ನೀಲಗಂಗವ್ವ ಅದರ ಗಂಜಿ ಹೋಗುವಂತೆ ಒಮ್ಮೆ ನೀರಿಗೆ ಹಾಕಿದಳು. ಓಣಿಯ ಹಗ್ಗಗಳಲ್ಲಿ ಕಾಯಂ ನಿವಾಸಿಗಳು ತುಂಬಿಕೊಂಡಿದ್ದರಿಂದ ಜಾಗ ಸಿಗಲಿಲ್ಲ. ಇಸ್ತ್ರಿ ಮೇಜನ್ನು ಆಚೆ ಸರಿಸಿ, ತನ್ನ ಬಾಗಿಲ ಮುಂದೆಯೇ ಒಂದು ತುಂಡು ಹಗ್ಗ ಕಟ್ಟಿ ಸೀರೆ ಹಾಕಿದಳು.

ಸಾಹೇಬರು ದುರ್ಬೀನು ಕೆಳಗಿಟ್ಟು ನನ್ನ ಮೇಜಿನ ಹತ್ತಿರ ಓಡಿ ಬಂದರು. "ಬಂದ್ಲು ಮಾಸ್ತರ! ಯಾರೂ ಕರೀದ, ತಾನ ಬಂದಾಳ! ಹಸರ ಸೀರಿ. ಖಾಲಿ ಮನೀ ಮುಂದ ಬಂದು ನಿಂತಾಳ, ಮನಿ ಕೇಳಾಕ."

"ಅದು ನೀಲಗಂಗವ್ವನ ಸೀರಿರಿ ಸಾಹೇಬ್ರ."

ಸಾಹೇಬರು ಹೋಗಿ ದುರ್ಬೀನಿನಲ್ಲಿ ಇನ್ನೊಮ್ಮೆ ನೋಡಿ ಬಂದರು. ಆಮೇಲೆ, "ನೀಲಗಂಗವ್ವ ಈ ಓಣ್ಯಾಗ ವಾಸ ಇಲ್ಲ ಅಂತ ನಮ್ಮದ ಆದೇಶ ಐತಿ. ವಾಸ ಇಲ್ಲದಾಕಿ ಸೀರಿ ಇಲ್ಲಿ ಒಣಗೂದು ಸಾಧ್ಯ ಇಲ್ಲ," ಎಂದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಮುದುಕಿಗೆ ಮನಿ ಕೊಡಾಕ ನನ್ನ ಕೈಯಾಗ ಇದೊಂದ ದಾರಿ ಐತ್ರಿ ಮಾಸ್ತರ. ಸುಮ್ನ ತಿದ್ದಿ ಕೊಡ್ರಿ."

ಆ ಮನುಷ್ಯನ ಮೇಲೆ ನನಗೆ ಅಂದು ಮೊದಲ ಸಲ ಪ್ರೀತಿ ಹುಟ್ಟಿತು. ಆದೇಶವನ್ನು ನಾನು ಬಹಳ ಶ್ರದ್ಧೆಯಿಂದ ತಿದ್ದಿದೆ:

"ಕೊಟ್ರೇಶಪ್ಪನವರಿಂದ ದಾನವಾಗಿ ಬಂದ ಖಾಲಿ ಮನೆಯನ್ನು ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಇವರಿಗೆ ಕಾಯಂ ಆಗಿ ಹಂಚಿಕೆ ಮಾಡಲಾಗಿದೆ. ಸದರಿಯವರು ನಿರಂತರವಾಗಿ ಮನೆಯಲ್ಲಿ ವಾಸವಿರತಕ್ಕದ್ದು. ಯಾವುದೇ ಪರಿಶೀಲನೆಯ ವೇಳೆ ಗೈರುಹಾಜರಾದಲ್ಲಿ ಹಂಚಿಕೆ ರದ್ದಾಗಿ ಮನೆಯು ದಾನಿಗಳಿಗೆ ಮರಳುವುದು. ತಮ್ಮೊಡನೆ ವಾಸವಿಲ್ಲದ ಇಬ್ಬರನ್ನು ಇಟ್ಟುಕೊಳ್ಳಲು ಅವರಿಗೆ ಅನುಮತಿ ಇದೆ."

ಕೊನೆಯ ವಾಕ್ಯ ಸಾಹೇಬರದು. ರದ್ದಾಗುವ ವಾಕ್ಯವನ್ನು ಸಾವಕಾರರು ಹಟ ಹಿಡಿದು ಸೇರಿಸಿದರು. ಸೀರೆ ಯಾವಾಗ ಗೈರುಹಾಜರಾದೀತೆಂದು ಅವರೇ ಓಣಿಯ ಬಾಯಲ್ಲಿ ಆಗಾಗ ನಿಂತು ನೋಡಿ ಹೋಗುತ್ತಾರೆ.

ಹೀಗೆ ಹಳೇ ದಲಾಲಿ ಓಣಿಯ ಕೊನೆಯ ಮನೆಗೆ ಕಾಗದಪತ್ರ ಆಯಿತು, ನಳವೂ ಬಂತು. ಘಾಟಿನ ಧೂಳು ಕೂತಾಗ ಸೀರೆಯನ್ನು ತೊಳೆಯಬೇಕಾಗುತ್ತದೆ. ಅದಕ್ಕೆ ಮಂಡಳಿಯು ಸ್ನಾನದ ರಜೆ ಮಂಜೂರು ಮಾಡಿದೆ. ನೀಲಗಂಗವ್ವ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ, ಸೀರೆಯ ಪರವಾಗಿ.

ತಂಗಿಯ ಮಗನ ಮದುವೆಗೆ ನಾನೂ ಕರ್ಜಗಿಗೆ ಹೋಗಿದ್ದೆ. ನೀಲಗಂಗವ್ವ ಹಳೆಯ ಕಂದು ಸೀರೆಯಲ್ಲೇ ಬಂದಿದ್ದಳು. ತಂಗಿ ಎಲ್ಲರೆದುರು, "ಅಕ್ಕಾ, ಹೊಸಾ ಇಳಕಲ್ ಸೀರಿ ಉಟ್ಟು ಬರ್ತೀನಿ ಅಂದಿದ್ದಿ?" ಎಂದು ಕೇಳಿದಳು.

"ಆಕಿ ಬಂದ್ರ ಮನಿ ಹೋಗ್ತೈತಿ," ಎಂದಳು ನೀಲಗಂಗವ್ವ.

ಹೆಂಗಸರೆಲ್ಲ ಹೌದು ಹೌದೆಂದರು. ಊರಿನಲ್ಲಿ ಮನೆ ಎಂದ ಮೇಲೆ ಒಬ್ಬರು ಹಿಂದೆ ಉಳಿಯಲೇಬೇಕು, ಎಲ್ಲರೂ ಮದುವೆಗೆ ಬಂದರೆ ಹೇಗೆ ಎಂದು ಒಬ್ಬಾಕೆ ಸಮಾಧಾನ ಹೇಳಿದಳು.

ಊಟವಾದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಒಂದ ದಿನಾ ಉಟ್ಟುಬಿಡಬೇಕಿತ್ತು ನೀಲಗಂಗವ್ವ. ಸಾಹೇಬರಿಗೆ ನಾ ಹೇಳ್ತಿದ್ದೆ."

ನೀಲಗಂಗವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

"ನಾ ಈಗ ಆಕಿ ಮನ್ಯಾಗ ಅದೇನ್ರಿ ಮಾಸ್ತರ. ಮನಿ ಒಡತೀನ ಮೈಮ್ಯಾಲೆ ಸುತ್ಕೊಂಡು ಊರು ತಿರಗಿದ್ರ ಚಂದ ಕಾಣತೈತೇನು?"

ಕಾಣುವುದಿಲ್ಲವೆಂದು ನಾನೂ ಒಪ್ಪಿದೆ. ಸಾಯಂಕಾಲದ ಬಸ್ಸಿಗೆ ನಾವು ಜೊತೆಗೇ ಬ್ಯಾಡಗಿಗೆ ಹೊರಟೆವು. ಮನೆಯಲ್ಲಿ ಆಕಿ ಒಬ್ಬಳೇ ಇದ್ದಾಳೆಂದು ನೀಲಗಂಗವ್ವ ದಾರಿಯುದ್ದಕ್ಕೂ ಅವಸರ ಮಾಡುತ್ತಿದ್ದಳು.